ಪಾರ್ಕಿನ ಬೆಂಚು ಮತ್ತು ಐದು ಜನರ ಲೆಕ್ಕ

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನವನು. ವಯಸ್ಸು ಇಪ್ಪತ್ತಾರು, ಶಿರಸಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮದು ಅಜ್ಜ-ಮುತ್ತಜ್ಜನ ಕಾಲದಿಂದ ಕ್ಯಾಥೊಲಿಕ್ ಮನೆ. ಅಪ್ಪ ಮರಗೆಲಸದವರು. ಹುಬ್ಬಳ್ಳಿಯಲ್ಲಿ ಓದುವಾಗ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದೆ. ನನ್ನ ಕುಡಿತ ಬಿಟ್ಟುಹೋಗಿದ್ದು ಅಲ್ಲೇ. ಈಗ ಕೂಟದ ಹಿರಿಯರು ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮಂಥ ಕೆಲವರಿಗೆ ಒಂದು ಕೆಲಸ ಕೊಟ್ಟಿದ್ದಾರೆ. ಪ್ರತಿ ಭಾನುವಾರ ಸಂಜೆ ಪಾರ್ಕಿಗೆ ಹೋಗಿ ಗುರುತಿಲ್ಲದ ಐದು ಜನರಿಗೆ ಯೇಸುವಿನ ವಿಷಯ ಹೇಳಬೇಕು, ಕರಪತ್ರ ಕೊಡಬೇಕು, ರಾತ್ರಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಷ್ಟು ಜನ ಎಂದು ಹಾಕಬೇಕು. ಶನಿವಾರ ರಾತ್ರಿಯಿಂದಲೇ ನನಗೆ ಹೊಟ್ಟೆ ತೊಳೆಸುತ್ತದೆ. ಹೋದ ತಿಂಗಳು ಬೆಂಚಿನ ಮೇಲೆ ಕೂತ ಹಿರಿಯರೊಬ್ಬರಿಗೆ ಕರಪತ್ರ ಕೊಟ್ಟೆ. ಅವರು ಅದನ್ನು ಓದದೆ, “ಯಾರ ಮನೆ ಹುಡ್ಗ ನೀನು?” ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ. “ಓ, ನಮ್ಮ ಮನೆ ಜಗುಲಿ ಬಾಗಿಲು ಮಾಡಿದ್ದು ಅವನೇ. ಒಂದಿನ ಮನೆಗೆ ಬಾ, ಆಸ್ರಿ ಕುಡ್ದು ಹೋಗು” ಎಂದು ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಯಾಕೋ ಬೈಸಿಕೊಂಡಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅದರ ಮುಂದಿನ ವಾರ ಕೆಲವು ಹುಡುಗರು ಮೊಬೈಲಿನಲ್ಲಿ ನನ್ನ ವಿಡಿಯೊ ಮಾಡಿಕೊಂಡು, “ಇನ್ನೊಂದು ಸಲ ಕಂಡರೆ ನೋಡು” ಎಂದರು. ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾದರೆ “ನಮಗ್ಯಾಕೆ ಈ ಉಸಾಬರಿ” ಎನ್ನುತ್ತಾರೆ. ಹಿರಿಯರನ್ನು ಕೇಳಿದರೆ, ಹಿಂಜರಿಯುವವನ ವಿಶ್ವಾಸ ಗಟ್ಟಿಯಿಲ್ಲ ಎನ್ನುತ್ತಾರೆ. ನಾನು ಹೇಡಿಯೇ? ನಾನು ಮಾಡುತ್ತಿರುವುದು ಕಾನೂನಿಗೆ ವಿರುದ್ಧವೇ?
– ಹೆಸರು ಬೇಡ

ಉತ್ತರ: ನೀವು ಹೇಡಿಯಲ್ಲ. ಅಷ್ಟು ಹೊಟ್ಟೆ ತೊಳೆಸಿದರೂ ವಾರ ವಾರ ಹೋದವರನ್ನು ಹೇಡಿ ಎನ್ನಲಾಗದು. ಇನ್ನು ಕಾನೂನಿನ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ನಿಮ್ಮ ಧರ್ಮದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕೂಟದಿಂದ ಬಿಡಿಸುವುದಾಗಲಿ ಅಲ್ಲಿ ಉಳಿಸುವುದಾಗಲಿ ನನ್ನ ಕೆಲಸವಲ್ಲ. ಕುಡಿತ ಬಿಡಿಸಿದ ಕೂಟದ ಮೇಲೆ ನಿಮಗಿರುವ ಋಣಭಾವವೂ ನನಗೆ ಅರ್ಥವಾಗುತ್ತದೆ. ಆ ಋಣವನ್ನು ಯಾವ ರೀತಿಯಲ್ಲಿ ತೀರಿಸುವುದು ಎಂಬುದಷ್ಟೇ ಇಲ್ಲಿಯ ಮಾತು.

ನಂಬಿದ್ದನ್ನು ಇನ್ನೊಬ್ಬರ ಮುಂದೆ ಹೇಳುವುದು ನಿಮ್ಮ ಹಕ್ಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವುದಕ್ಕೆ ಮಾತ್ರವಲ್ಲ, ಪ್ರಚಾರ ಮಾಡುವುದಕ್ಕೂ ಸ್ವಾತಂತ್ರ್ಯ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವು ಅದರ ಮಿತಿ. ಇದು ಯಾರೂ ಗಮನಿಸದಾಗ ನುಸುಳಿದ ಹಕ್ಕಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಇದರ ಮೇಲೆ ಬಿಸಿ ಚರ್ಚೆಯಾಯಿತು. ಒಡಿಶಾದ ಲೋಕನಾಥ ಮಿಶ್ರ ಪ್ರಚಾರದ ಹಕ್ಕು ಬೇಡವೇ ಬೇಡ ಎಂದರು. ಟಿ.ಟಿ. ಕೃಷ್ಣಮಾಚಾರಿ, ಕೆ.ಎಂ. ಮುನ್ಷಿ ಇರಲಿ ಎಂದು ವಾದಿಸಿದರು, ಅದು ಉಳಿಯಿತು. 1977ರಲ್ಲಿ ಮಧ್ಯಪ್ರದೇಶದ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಗೆರೆ ಎಳೆಯಿತು. ನಿಮ್ಮ ಧರ್ಮದ ತತ್ತ್ವಗಳನ್ನು ವಿವರಿಸಿ ಹೇಳಬಹುದು, ಆದರೆ ಇನ್ನೊಬ್ಬನನ್ನು ಮತಾಂತರಿಸುವುದು ನಿಮ್ಮ ಮೂಲಭೂತ ಹಕ್ಕಲ್ಲ ಎಂದಿತು. ಆಯ್ಕೆ ಕೇಳುವವನದು.

ನಿಮಗೆ ಹತ್ತಿರದ ಕಾನೂನು ಎಂದರೆ ನಮ್ಮ ರಾಜ್ಯದ 2022ರ ಕಾಯ್ದೆ, ಜನ ಮತಾಂತರ ನಿಷೇಧ ಕಾಯ್ದೆ ಎಂದು ಕರೆಯುವುದು. 2023ರ ಜೂನ್ 15ರಂದು ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತೆಂದು ಪತ್ರಿಕೆಯಲ್ಲಿ ಓದಿ ಎಷ್ಟೋ ಜನ ಕಾಯ್ದೆಯೇ ಹೋಯಿತು ಎಂದುಕೊಂಡಿದ್ದಾರೆ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ. ಅದಕ್ಕೆ ವಿಧಾನಮಂಡಲ ರದ್ದತಿ ಮಸೂದೆಯನ್ನು ಅಂಗೀಕರಿಸಬೇಕು. ಆದ್ದರಿಂದ ಇವತ್ತಿನ ಸ್ಥಿತಿ ಏನೆಂದು ನಿಮ್ಮೂರಿನ ವಕೀಲರೊಬ್ಬರನ್ನು ಕೇಳಿ. ಕೇಳುವ ತನಕ ಅದು ಇದೆ ಎಂದುಕೊಂಡೇ ನಡೆಯಿರಿ.

ಒತ್ತಾಯ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳಿಂದ ಮತಾಂತರಿಸಿದರೆ, ಮತಾಂತರಿಸಲು ಯತ್ನಿಸಿದರೂ ಸಹ, ಈ ಕಾಯ್ದೆಯಡಿ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಎದುರಿಗಿರುವವರು ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ 10 ವರ್ಷದವರೆಗೆ ಜೈಲು, 50,000 ರೂಪಾಯಿ ದಂಡ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ತಾನಾಗಿ ಸಿಗುವುದಿಲ್ಲ. ಆಮಿಷಕ್ಕೆ ಕಾಯ್ದೆ ಕೊಟ್ಟಿರುವ ವಿವರಣೆಯನ್ನು ನೀವು ಒಮ್ಮೆ ಕೂತು ಓದಲೇಬೇಕು. ಹಣ, ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವು ಸರಿ, ಯಾರಿಗೂ ಹೊಳೆಯುವಂಥವು. ಅದರ ಜೊತೆಗೆ ಉತ್ತಮ ಜೀವನದ ಭರವಸೆ, ದೇವರ ಅವಕೃಪೆಯ ಮಾತು, ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದು, ಒಂದನ್ನು ಇನ್ನೊಂದಕ್ಕಿಂತ ಎತ್ತಿ ಹಿಡಿಯುವುದು ಕೂಡ ಅದರೊಳಗೇ ಇದೆ.

ಈಗ ನಿಮ್ಮ ಕೈಯಲ್ಲಿರುವ ಕರಪತ್ರವನ್ನು ಇನ್ನೊಮ್ಮೆ ಓದಿ. ನಂಬಿದರೆ ರೋಗ ವಾಸಿ ಎಂದಿದೆಯೇ? ಸಾಲ ತೀರುತ್ತದೆ ಎಂದಿದೆಯೇ? ವಿಗ್ರಹ ಪೂಜಿಸುವವರಿಗೆ ನರಕ ಎಂದಿದೆಯೇ? ಹಾಗಿದ್ದರೆ ಅದನ್ನು ಹಂಚಬೇಡಿ. ಕಾನೂನು ಹಾಗಿರಲಿ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಊರಿಗೆ ಊರೇ ಸೇರುವ ಶಿರಸಿಯಲ್ಲಿ ನಿಂತು ಅವರ ಅಮ್ಮನನ್ನು ಕಲ್ಲು ಎನ್ನುವುದು ಯಾವ ಮರ್ಯಾದೆ? ನಿಮ್ಮ ಅಪ್ಪ ಅಂಥ ಮಾತಾಡಿದ್ದನ್ನು ನೀವು ಒಮ್ಮೆಯೂ ಕೇಳಿರಲಿಕ್ಕಿಲ್ಲ. ಪಾರ್ಕಿಗೆ ಆಡಲು ಬರುವ ಮಕ್ಕಳ ಹತ್ತಿರ ಮಾತ್ರ ಈ ವಿಷಯವಾಗಿ ಸುಳಿಯಲೇಬೇಡಿ. ಚಾಕೊಲೇಟು, ಬಣ್ಣದ ಚಿತ್ರದ ಪುಸ್ತಕ ಯಾವುದೂ ಬೇಡ. ನನ್ನ ಮಗುವಿನ ಕೈಗೆ ನನ್ನನ್ನು ಕೇಳದೆ ಯಾವ ಧರ್ಮದವರು ಏನು ಕೊಟ್ಟರೂ ನಾನು ಸಿಟ್ಟಾಗುತ್ತೇನೆ. ಯಲ್ಲಾಪುರದ ಕಡೆಯ ನಿಮ್ಮ ಗೆಳೆಯರಿಗೆ ಇನ್ನೊಂದು ಮಾತು ಹೇಳಿ: ಅಲ್ಲಿಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ ಮೂವರೂ ಇದ್ದು, ಸಿದ್ದಿಗಳೆಂಬ ಒಗ್ಗಟ್ಟನ್ನೂ ಉಳಿಸಿಕೊಂಡಿದ್ದಾರೆ. ಲೆಕ್ಕ ತುಂಬಿಸಲು ಹೋಗಿ ಅದನ್ನು ಕೆಡಿಸುವುದು ಬೇಡ.

ಕರಪತ್ರ ಹಂಚಿದ್ದೇ ಅಪರಾಧವಾಗುತ್ತದೆಯೇ? ಜಮಖಂಡಿಯ ರಾಮತೀರ್ಥ ದೇವಸ್ಥಾನದ ಬಳಿ ಇಸ್ಲಾಂ ಬಗ್ಗೆ ಕರಪತ್ರ ಹಂಚಿದರೆಂದು ಮೂವರ ಮೇಲೆ ಇದೇ ಕಾಯ್ದೆಯಡಿ ಪ್ರಕರಣ ದಾಖಲಾಗಿತ್ತು. 2025ರ ಜುಲೈನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಯಾರನ್ನೂ ಮತಾಂತರಿಸಿದ ಅಥವಾ ಅದಕ್ಕೆ ಯತ್ನಿಸಿದ ಆರೋಪವೇ ದೂರಿನಲ್ಲಿಲ್ಲ, ದೂರು ಕೊಟ್ಟವರೂ ಯಾರು ದೂರು ಕೊಡಬಹುದೆಂದು ಕಾಯ್ದೆ ಹೇಳುವ ಪಟ್ಟಿಗೆ ಸೇರಿದವರಲ್ಲ ಎಂಬುದು ಕಾರಣ. ತೀರ್ಪು ನಿಮ್ಮಂಥವರ ಪರವಾಗಿಯೇ ಇದೆ. ಆದರೆ ಆ ಮೂವರು ಅಲ್ಲಿಯ ತನಕ ಠಾಣೆ, ವಕೀಲರು, ಕೋರ್ಟು ಎಂದು ಅಲೆದದ್ದನ್ನು ಯಾರೂ ವಾಪಸು ಕೊಡುವುದಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಸಂಖ್ಯೆ ಕೇಳುವವರು ಅಲೆಯುವುದಕ್ಕೆ ನಿಮ್ಮ ಜೊತೆ ಬರುತ್ತಾರೆಯೇ ಎಂದು ನೇರವಾಗಿ ಕೇಳಿಬಿಡಿ.

ಕಾನೂನಿನ ಮಾತು ಇಲ್ಲಿಗೆ ಸಾಕು. ನಿಮ್ಮ ಹೊಟ್ಟೆ ತೊಳೆಸುವುದಕ್ಕೆ ಕಾನೂನು ಕಾರಣವಲ್ಲ ಎಂದು ನನ್ನ ಅನಿಸಿಕೆ. ಆ ಹುಡುಗರ ಬೆದರಿಕೆಗಿಂತ ಮೊದಲೇ ಅದು ಶುರುವಾಗಿತ್ತಲ್ಲ.

ಗುರುತಿಲ್ಲದ ಐದು ಜನ ಎಂದು ನಿಮಗೆ ಹೇಳಿದವರಿಗೆ ನಮ್ಮ ಘಟ್ಟದ ಮೇಲಿನ ಊರುಗಳ ಪರಿಚಯವಿಲ್ಲ. ಇಲ್ಲಿ ಅಪರಿಚಿತರೇ ಇಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಒಬ್ಬನಿಗೆ ಚೀಟಿ ಕೊಟ್ಟರೆ ಮತ್ತೆ ಅವನ ಮುಖ ಕಾಣುವುದಿಲ್ಲ. ಶಿರಸಿಯಲ್ಲಿ ಅದೇ ಮನುಷ್ಯ ಮಂಗಳವಾರದ ಸಂತೆಯಲ್ಲಿ ಸಿಗುತ್ತಾನೆ, ನಿಮ್ಮ ಅಂಗಡಿಗೆ ಬರುತ್ತಾನೆ, ನಿಮ್ಮ ಅಪ್ಪನಿಗೆ ಕೆಲಸ ಹೇಳುತ್ತಾನೆ. ಎರಡು ಮಾತಾಡಿದರೆ ಯಾರ ಮನೆಯವರು ಎಂಬುದು ಹೊರಬೀಳುತ್ತದೆ. ಆ ಹಿರಿಯರ ಮುಂದೆ ನಿಮಗೆ ಆದದ್ದು ಅದೇ. ನೀವು ಅವರನ್ನು ಐದರಲ್ಲಿ ಒಂದಾಗಿ ನೋಡಿದಿರಿ, ಅವರು ನಿಮ್ಮನ್ನು ಮರಗೆಲಸದವನ ಮಗನಾಗಿ ನೋಡಿದರು. ನಾಚಿಕೆ ಹುಟ್ಟಿದ್ದು ಅಲ್ಲಿಂದ. ಅದು ವಿಶ್ವಾಸದ ಕೊರತೆಯಲ್ಲ, ನೀವು ಬೆಳೆದ ಮನೆ ಕಲಿಸಿದ ಸೌಜನ್ಯ. ಅದನ್ನು ಗುದ್ದಿ ಓಡಿಸಬೇಡಿ.

ನಮ್ಮ ಕಡೆಯ ಜನಕ್ಕೆ ದೇವರ ವಿಷಯ ಕೇಳುವುದೆಂದರೆ ಬೇಸರ ಎಂದಲ್ಲ. ತಾಳಮದ್ದಲೆಯಲ್ಲಿ ಅರ್ಧರಾತ್ರಿಯವರೆಗೆ ಕೂತು, ಕವಳ ಹಾಕುತ್ತ, ಸೋಲುವ ಪಾತ್ರದ ವಾದಕ್ಕೂ ತಲೆದೂಗುವ ಜನ ಇವರು. ಆದರೆ ಅಲ್ಲಿ ಕೂತವರು ಕೇಳಲೆಂದೇ ಮನೆಯಿಂದ ಹೊರಟು ಬಂದವರು. ಪಾರ್ಕಿನ ಬೆಂಚಿನ ಮೇಲಿರುವವರು ಮಂಡಿನೋವಿಗೆ ಕೂತವರು. ಎದ್ದು ಹೋಗಲಾಗದವರ ಮುಂದೆ ನಿಂತು ಮಾತಾಡುವುದು ಅವರಿಗೆ ಹಿಂಸೆ, ನಿಮಗೂ ಅದು ಒಳಗೇ ಗೊತ್ತು.

ನಿಮ್ಮ ಹಿರಿಯರು ಬೈಬಲ್ ತೋರಿಸಿ ಹೇಳುತ್ತಾರಾದರೆ ನೀವೂ ಬೈಬಲ್ ತೋರಿಸಿಯೇ ಕೇಳಬಹುದು. ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯ ತೆಗೆಯಿರಿ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ ಎಂದು ಅಲ್ಲಿದೆ, ಅದನ್ನೂ ಸಾತ್ವಿಕತೆಯಿಂದ, ಮರ್ಯಾದೆಯಿಂದ ಹೇಳಿ ಎಂದಿದೆ. ಯೋಹಾನನ ನಾಲ್ಕನೇ ಅಧ್ಯಾಯದಲ್ಲಿ ಯೇಸು ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನೊಂದಿಗೆ ಮಾತು ಶುರುಮಾಡಿದ್ದು ಕುಡಿಯಲು ನೀರು ಕೇಳಿ. ತಾನು ಕೊಡುವುದಕ್ಕಿಂತ ಮೊದಲು ಆಕೆಯ ಕೈಯಿಂದ ತೆಗೆದುಕೊಳ್ಳುವವನಾಗಿ ಬಂದ. ಪೌಲ ಅಥೆನ್ಸಿನ ಪೇಟೆಯಲ್ಲಿ ದಿನವೂ ಎದುರು ಸಿಕ್ಕವರ ಜೊತೆ ವಾದಿಸಿದ್ದೂ ನಿಜ, ಅದನ್ನು ನಿಮ್ಮ ಹಿರಿಯರು ಎತ್ತಿ ಹೇಳಿಯಾರು. ಹೇಳಲಿ. ಅದು ದಿನವಿಡೀ ವಾದ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದ ಊರು. 2011ರಲ್ಲಿ ವ್ಯಾಟಿಕನ್, ವಿಶ್ವ ಚರ್ಚುಗಳ ಮಂಡಳಿ ಮತ್ತು ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಬಹುಧರ್ಮೀಯ ಸಮಾಜದಲ್ಲಿ ಸಾಕ್ಷಿ ಹೇಳುವ ರೀತಿಯ ಬಗ್ಗೆ ಒಂದು ದಾಖಲೆ ಹೊರಡಿಸಿದವು. ಬಡವರ ಕಷ್ಟವನ್ನು ಬಳಸಿಕೊಳ್ಳುವುದು, ವಂಚನೆ, ಒತ್ತಾಯ ಸುವಾರ್ತೆಗೇ ದ್ರೋಹ ಎಂಬುದು ಅದರ ತಿರುಳು. ಇದು ಕ್ರೈಸ್ತರು ತಮಗೆ ತಾವೇ ಹಾಕಿಕೊಂಡ ನಿಯಮ. ನಿಮ್ಮ ಕೂಟದವರು ಇದನ್ನು ಓದಿದ್ದಾರೆಯೇ ಕೇಳಿ.

ನಮ್ಮ ನಾಡಿನ ಅನುಭವವೂ ಇದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸಂತೆ, ಜಾತ್ರೆಗಳಲ್ಲಿ ನಿಂತು ಬೋಧಿಸಿದರು, ಚೀಟಿ ಹಂಚಿದರು. ಕನ್ನಡಿಗರು ಅವರನ್ನು ಇವತ್ತಿಗೂ ನೆನೆಯುವುದು ಅದಕ್ಕಾಗಿ ಅಲ್ಲ. ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ಕ್ಕಾಗಿ, ಕಿಟ್ಟೆಲರ 1894ರ ನಿಘಂಟಿಗಾಗಿ, ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳಿಗಾಗಿ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ಆತ ದಾರಿಯಲ್ಲಿ ಸಿಕ್ಕ ಚೀಟಿ ಓದಿ ಹೋದವನಲ್ಲ, ಮಿಷನ್ ಶಾಲೆಯ ವಿದ್ಯಾರ್ಥಿ. ಗುರುಗಳ ಒಡನಾಟದಲ್ಲಿ, ಕೇಳಿ ಓದಿ ತೀರ್ಮಾನಿಸಿದವನು. ಹಾಗೆ ತೀರ್ಮಾನಿಸಿದ್ದಕ್ಕೂ ಒಂದು ಮನೆ ಒಡೆಯಿತು, ಹೆಂಡತಿ ಆತನ ಜೊತೆ ಬರಲು ಒಪ್ಪಲಿಲ್ಲ. ಒಬ್ಬರ ಧರ್ಮದ ವಿಷಯಕ್ಕೆ ಕೈಹಾಕುವುದೆಂದರೆ ಇಷ್ಟು ದೊಡ್ಡದಕ್ಕೆ ಕೈಹಾಕಿದಂತೆ. ಭಾನುವಾರ ರಾತ್ರಿ ಗ್ರೂಪಿನಲ್ಲಿ ‘5’ ಎಂದು ಒತ್ತಿ ಮುಗಿಸುವ ವಿಷಯವಲ್ಲ.

ಪಾರ್ಕಿಗೆ ಹೋಗುವವರಿಗೂ, ನಡುವೆ ಒಂದು ಮಾತು. ಯಾರೋ ಬಂದು ತಮ್ಮ ದೇವರ ವಿಷಯ ತೆಗೆದರೆ “ಬೇಡ ತಮಾ” ಎಂದರೆ ಸಾಕು. ವಿಡಿಯೊ, ಬೆದರಿಕೆ, ಗುಂಪು ಯಾವುದೂ ಬೇಕಿಲ್ಲ. ತಪ್ಪು ನಡೆದಿದೆ ಎನಿಸಿದರೆ ಠಾಣೆಯಿದೆ.

ಆ ಹುಡುಗರು ಮತ್ತೆ ಅಡ್ಡಗಟ್ಟಿದರೆ ವಾದಕ್ಕೆ ನಿಲ್ಲಬೇಡಿ, ಜನರಿರುವ ಕಡೆ ನಡೆಯಿರಿ, ಮೊಬೈಲು ಕಿತ್ತುಕೊಳ್ಳಲು ಬಂದರೆ 112ಕ್ಕೆ ಕರೆಮಾಡಿ. ಬೆದರಿಸುವುದು ಅವರ ಹಕ್ಕಲ್ಲ. ಆದರೆ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅಪ್ಪನಿಗೆ ಗೊತ್ತಿಲ್ಲ ಎಂಬ ನಿಮ್ಮ ಮಾತು. ಆ ವಿಡಿಯೊ ನಾಳೆ ಅವರಿವರ ಮೊಬೈಲಿನಿಂದ ಅಪ್ಪನಿಗೆ ಬಂದು ಮುಟ್ಟುವುದಕ್ಕಿಂತ ನಿಮ್ಮ ಬಾಯಿಂದ ಹೋಗುವುದು ಒಳ್ಳೆಯದು. ಬೈಯುತ್ತಾರೆ, ಬೈಸಿಕೊಳ್ಳಿ. ಊರಿನ ಹತ್ತಾರು ಮನೆಗಳ ಬಾಗಿಲು ಮಾಡಿದ ಮನುಷ್ಯ, ಯಾರ ಹತ್ತಿರ ಏನು ಮಾತಾಡಬೇಕೆಂದು ನಿಮಗಿಂತ ಚೆನ್ನಾಗಿ ಬಲ್ಲರು.

ಕೂಟದ ಹಿರಿಯರಿಗೆ ಮುಂದಿನ ಶನಿವಾರದೊಳಗೆ ಹೇಳಿ: ವಿಶ್ವಾಸ ಬಿಡುವುದಿಲ್ಲ, ಪ್ರಾರ್ಥನೆಗೆ ಬರುತ್ತೇನೆ, ಪಾರ್ಕಿನ ಲೆಕ್ಕ ಮಾತ್ರ ಕೊಡುವುದಿಲ್ಲ. ಯಾರಾದರೂ ಕುಡಿತ ಹೇಗೆ ಬಿಟ್ಟೆ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ, ಯೇಸುವಿನ ಹೆಸರನ್ನೂ ಸೇರಿಸಿ, ಹೇಳಿ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಇಷ್ಟು ಹೇಳಿದ್ದಕ್ಕೆ ಕೂಟದಿಂದ ಹೊರಹಾಕುತ್ತಾರಾದರೆ, ಕುಡಿತ ಬಿಟ್ಟವರಿಗೆ ಆಸರೆಯಾಗುವ ಬೇರೆ ಸಂಗ ಹುಡುಕಿಕೊಳ್ಳಿ, ಒಂಟಿಯಾಗಿ ಉಳಿಯಬೇಡಿ. ಅಪ್ಪನ ಹತ್ತಿರ ಮಾತ್ರ ಇವತ್ತೇ ಮಾತಾಡಿ.