ರೇಡಿಯೋ ಕೇಳುವ ಕ್ರಮ

ಬತ್ತಲಗುಂಡಿನ ನಮ್ಮ ಮನೆಮಾತು ಕನ್ನಡ. ಮೇಲಿನ ಕೊಡೈಕಾನಲ್ ಬೆಟ್ಟದ ಆಕಾಶವಾಣಿಯದು ತಮಿಳು. ತಿಳಿಯುತ್ತದೆ, ಅಡ್ಡಿಯಿಲ್ಲ. ಆದರೆ ಬೇಸಾಯದ ಮಾತು ಬರಿದೇ ಕಿವಿಗೆ ಬಿದ್ದರೆ ಸಾಲದು. 1956ರಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ವಾರಕ್ಕೆ 2 ಸಲದಂತೆ 10 ವಾರ ಜನ ಒಟ್ಟಿಗೆ ಕುಳಿತು ಕೇಳಿದರು. ಬಳಿಕ ಚರ್ಚಿಸಿ ಸಂದೇಹಗಳನ್ನು ನಿಲಯಕ್ಕೆ ಬರೆದರು. ನಮ್ಮ ತಂಜಾವೂರಿನಲ್ಲೂ 1960ರ ದಶಕದಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿಗೆ ರೈತರು ‘ರೇಡಿಯೋ ಭತ್ತ’ವೆಂದೇ ಹೆಸರಿಟ್ಟರು, ಅದರ ಸುದ್ದಿ ತಿರುಚಿರಾಪಳ್ಳಿ ನಿಲಯದಿಂದ ಬಂದಿತ್ತು. ಇಂದು ನಾವು ಫೋನಿನಲ್ಲಿ ಒಬ್ಬೊಬ್ಬರೇ ಕೇಳುತ್ತೇವೆ. ಔಷಧದ ಅಳತೆ ತಪ್ಪಾಗಿ ಕೇಳಿಸಿಕೊಂಡರೆ ಮಲ್ಲಿಗೆ ತೋಟವೇ ಸುಟ್ಟೀತು! ನಾಲ್ವರು ಕೂಡಿ ಕೇಳೋಣ. ಅಳತೆಯನ್ನು ಮಕ್ಕಳಿಂದ ಬರೆಸೋಣ. ಸಂದೇಹ ಉಳಿದರೆ ನಿಲಯಕ್ಕೆ ಕಾಗದ ಹಾಕೋಣ.