ಕಸಿಯ ಕರೆ ಬರುವ ಮುನ್ನ: ಮಗುವಿನ ಮನಸ್ಸಿನ ಸಿದ್ಧತೆ

ಯಕೃತ್ತು, ಮೂತ್ರಪಿಂಡ ಅಥವಾ ಹೃದಯ ಸಂಪೂರ್ಣ ಸೋಲುವ ಹಂತಕ್ಕೆ ಬಂದ ಅನೇಕ ಮಕ್ಕಳಿಗೆ ಇಂದು ಅಂಗಾಂಗ ಕಸಿ ಬದುಕಿನ ದಾರಿಯಾಗಿದೆ. ತಂದೆಯೋ ತಾಯಿಯೋ ತಮ್ಮ ಮೂತ್ರಪಿಂಡವನ್ನು ಅಥವಾ ಯಕೃತ್ತಿನ ಒಂದು ಭಾಗವನ್ನು ನೀಡುವುದಾದರೆ ಶಸ್ತ್ರಚಿಕಿತ್ಸೆಯ ದಿನ ಸಾಮಾನ್ಯವಾಗಿ ಮೊದಲೇ ನಿಗದಿಯಾಗುತ್ತದೆ. ಮಿದುಳು ನಿಷ್ಕ್ರಿಯಗೊಂಡು ಮೃತರಾದವರ ಅಂಗಕ್ಕಾಗಿ ಕಾಯುವವರಿಗೆ ಈ ಅನುಕೂಲವಿಲ್ಲ. ನಮ್ಮ ರಾಜ್ಯದಲ್ಲಿ ಇಂತಹ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಆಸ್ಪತ್ರೆಯ ಕರೆ ನಡುರಾತ್ರಿಯಲ್ಲಿಯೂ ಬರಬಹುದು. ದಾನಿಯಿಂದ ಪಡೆದ ಹೃದಯವನ್ನು ಸುಮಾರು 4ರಿಂದ 6 ಗಂಟೆಗಳೊಳಗೆ, ಯಕೃತ್ತನ್ನು ಸುಮಾರು 12 ಗಂಟೆಗಳೊಳಗೆ ಜೋಡಿಸಬೇಕಾಗುತ್ತದೆ. ಆ ಅವಸರದಲ್ಲಿ ಮಗುವನ್ನು ಕೂರಿಸಿಕೊಂಡು ತಿಳಿಹೇಳಲು ಬಿಡುವಿರದು. ಆದುದರಿಂದ ಹೆಸರು ನೋಂದಾಯಿಸಿದ ದಿನದಿಂದಲೇ ಈ ಸಿದ್ಧತೆ ಆರಂಭವಾಗಬೇಕು.

ಮಗುವನ್ನು ಹೆದರಿಸುವುದು ಒಳ್ಳೆಯದಲ್ಲವೆಂದೂ, ಅತ್ತಾಗ ಅಥವಾ ಉಣ್ಣದಿದ್ದಾಗ ರಾಕ್ಷಸ-ಪಿಶಾಚಿಗಳ ಹೆಸರು ಹೇಳಿ ಬೆದರಿಸಬಾರದೆಂದೂ ಚರಕಸಂಹಿತೆಯ ಶಾರೀರಸ್ಥಾನ ತಿಳಿಸುತ್ತದೆ. ನಮ್ಮ ಮನೆಗಳಲ್ಲಿ ಗುಮ್ಮನ ಸ್ಥಾನಕ್ಕೆ ಈಗ ವೈದ್ಯರು ಬಂದಿದ್ದಾರೆ. “ಹಟ ಮಾಡಿದರೆ ಡಾಕ್ಟರಿಗೆ ಹೇಳಿ ಸೂಜಿ ಚುಚ್ಚಿಸುತ್ತೇನೆ” ಎಂಬ ಮಾತನ್ನು ಕಸಿಗಾಗಿ ಕಾಯುತ್ತಿರುವ ಮಗುವಿನ ಮುಂದೆ ಎಂದಿಗೂ ಆಡಬಾರದು. ಚಿಕ್ಕ ಮಕ್ಕಳು ರೋಗವನ್ನು ತಮ್ಮ ತಪ್ಪಿಗೆ ದೊರೆತ ಶಿಕ್ಷೆಯೆಂದು ಭಾವಿಸುವುದುಂಟು. “ನೀನು ಏನೂ ತಪ್ಪು ಮಾಡಿಲ್ಲ ಕಂದಾ, ಇದು ಯಾರಿಂದಲೂ ಬಂದದ್ದಲ್ಲ” ಎಂದು ಮತ್ತೆ ಮತ್ತೆ ಹೇಳಬೇಕು.

ಮುಚ್ಚಿಡುವುದು ಮಮತೆಯೆಂದು ಹಲವರು ತಿಳಿದಿದ್ದಾರೆ. ಆದರೆ ಹಿರಿಯರ ಪಿಸುಮಾತು, ಅತ್ತು ಕೆಂಪಾದ ಕಣ್ಣುಗಳು ಮಗುವಿಗೆ ಎಲ್ಲವನ್ನೂ ತಿಳಿಸಿಬಿಡುತ್ತವೆ. ತಿಳಿಯದೆ ಉಳಿದದ್ದನ್ನು ಅದು ಕಲ್ಪನೆಯಿಂದ ತುಂಬಿಕೊಳ್ಳುತ್ತದೆ, ಆ ಕಲ್ಪನೆ ನಿಜಕ್ಕಿಂತ ಭಯಂಕರವಾಗಿರುತ್ತದೆ. ಐದಾರು ವರ್ಷದೊಳಗಿನ ಮಗುವಿಗೆ ಗೊಂಬೆಯ ಹೊಟ್ಟೆಗೆ ಪಟ್ಟಿ ಕಟ್ಟಿ ತೋರಿಸಿ, “ನಿನ್ನ ಲಿವರ್ ಕೆಲಸ ಮಾಡಲಾರದೆ ಸೋತಿದೆ, ಡಾಕ್ಟರು ಬೇರೊಂದನ್ನು ಇಡುತ್ತಾರೆ” ಎಂದರೆ ಸಾಕು. ಶಾಲೆಗೆ ಹೋಗುವ ಮಗುವಿಗೆ ಚಿತ್ರ ಬರೆದು ವಿವರಿಸಬಹುದು. ಹದಿಹರೆಯದವರನ್ನು ವೈದ್ಯರೊಡನೆ ನಡೆಯುವ ಮಾತುಕತೆಯಲ್ಲಿ ಜೊತೆಗೆ ಕೂರಿಸಿಕೊಳ್ಳಬೇಕು. “ನಾನು ಸತ್ತುಹೋಗುತ್ತೇನೆಯೇ?” ಎಂಬ ಪ್ರಶ್ನೆಗೆ ಗದರಬಾರದು. “ನೀನು ಬದುಕಿ ಬೆಳೆಯಲೆಂದೇ ಈ ಚಿಕಿತ್ಸೆ. ಭಯವಾದರೆ ನಮಗೆ ಹೇಳು, ನಮಗೂ ಭಯವಾಗುತ್ತದೆ” ಎನ್ನುವುದು ಸತ್ಯವೂ ಹೌದು, ಸಾಂತ್ವನವೂ ಹೌದು.

ಮಾತಿನಲ್ಲಿ ಎರಡು ಎಚ್ಚರಗಳು ಅಗತ್ಯ. ತೀರಿಕೊಂಡ ಅಜ್ಜ “ಮಲಗಿದ್ದಾರೆ” ಎಂದು ಕೇಳಿರುವ ಮಗುವಿಗೆ “ನಿನ್ನನ್ನು ಮಲಗಿಸುತ್ತಾರೆ” ಎಂದರೆ ದಿಗಿಲಾಗುತ್ತದೆ. ಇದು ಔಷಧಿಯಿಂದ ಬರುವ ನಿದ್ರೆ, ಕೆಲಸ ಮುಗಿದ ಮೇಲೆ ವೈದ್ಯರು ಎಬ್ಬಿಸುತ್ತಾರೆ ಎಂದು ಬಿಡಿಸಿ ಹೇಳಬೇಕು. ಹಾಗೆಯೇ “ನೋವೇ ಆಗುವುದಿಲ್ಲ” ಎಂದು ಹೇಳಬಾರದು. ನೋವಾಗುತ್ತದೆ, ಅದಕ್ಕೆ ಔಷಧಿಯಿದೆ ಎನ್ನಬೇಕು. ಎಚ್ಚರವಾದಾಗ ಮೂಗು, ಬಾಯಿ, ಹೊಟ್ಟೆಗಳಲ್ಲಿ ನಳಿಕೆಗಳಿರಬಹುದು, ಸ್ವಲ್ಪ ಕಾಲ ಮಾತಾಡಲಾಗದಿರಬಹುದು. ನೋವು, ಬಾಯಾರಿಕೆ, ಅಮ್ಮ ಬೇಕು ಎಂಬುದಕ್ಕೆ ಕೈಸನ್ನೆಗಳನ್ನು ಮನೆಯಲ್ಲಿಯೇ ಆಟದಂತೆ ಕಲಿಸಿಡಬಹುದು.

ಕರೆ ಬಂದ ಕೂಡಲೆ ಊಟ, ಹಾಲು, ನೀರು ಯಾವಾಗಿನಿಂದ ನಿಲ್ಲಿಸಬೇಕೆಂದು ಆಸ್ಪತ್ರೆಯವರನ್ನು ಕೇಳಿ ಹಾಗೆಯೇ ನಡೆಯಬೇಕು. ಹೊಟ್ಟೆಯಲ್ಲಿ ಆಹಾರವಿದ್ದರೆ ಅರಿವಳಿಕೆಯ ವೇಳೆ ಅದು ಮೇಲಕ್ಕೆ ಬಂದು ಶ್ವಾಸಕೋಶ ಸೇರುವ ಅಪಾಯವಿದೆ. ತೀರ್ಥ-ಪ್ರಸಾದಕ್ಕೂ ಈ ನಿಯಮವೇ ಅನ್ವಯ. ಜ್ವರ, ಕೆಮ್ಮು ಇದ್ದರೆ ಮುಚ್ಚಿಡದೆ ತಿಳಿಸಬೇಕು. ಆಸ್ಪತ್ರೆ ತಲುಪಿದ ಮೇಲೆ ಅಂಗ ಯೋಗ್ಯವಲ್ಲವೆಂದು ಕಂಡುಬಂದು ಹಿಂದಿರುಗಬೇಕಾಗಿ ಬರುವುದೂ ಉಂಟು. ಈ ಸಾಧ್ಯತೆಯನ್ನೂ ಮಗುವಿಗೆ ಮೊದಲೇ ಹೇಳಿರಬೇಕು.

ಇಷ್ಟಲಿಂಗ ಧರಿಸಿದ ಮಗುವಾದರೆ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶಿವದಾರ, ಕರಡಿಗೆಗಳನ್ನು ತೆಗೆಯಲು ಹೇಳುತ್ತಾರೆ. ಬಾಗಿಲಲ್ಲಿ ನಿಂತು ಚರ್ಚಿಸುವ ಹೊತ್ತು ಅದಲ್ಲ. ಗುರುಗಳ ಸಲಹೆಯನ್ನು ಮೊದಲೇ ಪಡೆದು, ಅಷ್ಟು ಹೊತ್ತು ಲಿಂಗವನ್ನು ಯಾರು ಜೋಪಾನ ಮಾಡುವರೆಂದು ಮಗುವಿಗೆ ತಿಳಿಸಿದ್ದರೆ ಅದರ ಮನಸ್ಸು ನಿಶ್ಚಿಂತವಾಗಿರುತ್ತದೆ.

ಆಯುರ್ವೇದ ವೈದ್ಯರಾಗಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಕಸಿಯಾದ ಅಂಗವನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಹೊತ್ತು ತಪ್ಪದೆ ಕೊಡಬೇಕಾಗುತ್ತದೆ. ಮಗು ಸೊರಗಿದೆಯೆಂದು ಅಮೃತಬಳ್ಳಿ, ಅಶ್ವಗಂಧ, ಚ್ಯವನಪ್ರಾಶಗಳನ್ನಾಗಲಿ, ಮನೆಯ ಕಷಾಯವನ್ನಾಗಲಿ ಕಸಿ ವೈದ್ಯರ ಒಪ್ಪಿಗೆಯಿಲ್ಲದೆ ಕೊಡಬೇಡಿ. ಶಕ್ತಿ ಹೆಚ್ಚಿಸಲೆಂದು ಕೊಟ್ಟದ್ದೇ ಹೊಸ ಅಂಗಕ್ಕೆ ಮುಳುವಾಗಬಹುದು. ಚಕ್ಕೋತದಂತಹ ಹಣ್ಣೂ ರಕ್ತದಲ್ಲಿ ಆ ಔಷಧಿಯ ಪ್ರಮಾಣವನ್ನು ಏರುಪೇರು ಮಾಡಬಲ್ಲದು. ಈ ಔಷಧಿಗಳು ದೀರ್ಘಕಾಲ, ಬಹುಪಾಲು ಜೀವನಪರ್ಯಂತ ಬೇಕಾಗುವುದರಿಂದ ಮಗುವಿಗೂ ಅವುಗಳ ಕಾರಣ ತಿಳಿದಿರಬೇಕು.

“ಇದನ್ನು ಯಾರು ಕೊಟ್ಟರು?” ಎಂದು ಮಗು ಒಂದು ದಿನ ಕೇಳುತ್ತದೆ. ತನಗಾಗಿ ಯಾರೋ ಸತ್ತರೆಂಬ ಅಳುಕು ಆ ಪ್ರಶ್ನೆಯ ಹಿಂದಿರಬಹುದು. “ಅವರು ನಿನ್ನಿಂದ ಸಾಯಲಿಲ್ಲ. ಅವರನ್ನು ಉಳಿಸಲಾಗಲಿಲ್ಲ. ಅಂತಹ ದುಃಖದಲ್ಲಿಯೂ ಅವರ ಮನೆಯವರು ಇನ್ನೊಂದು ಮಗು ಬದುಕಲಿ ಎಂದರು” ಎಂದು ಹೇಳಿ. ಪ್ರತಿಫಲ ಬಯಸದೆ ನೀಡುವ ದಾಸೋಹದ ಅರ್ಥವನ್ನು ಮಗುವಿಗೆ ತಿಳಿಸಲು ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಚೀಲ, ವರದಿಗಳ ಕಡತ, ವಾಹನ ಇವೆಲ್ಲವನ್ನೂ ಸಿದ್ಧವಾಗಿಡುವ ತಂದೆತಾಯಿಗಳು ಈ ಮಾತುಗಳನ್ನೂ ಸಿದ್ಧವಾಗಿಟ್ಟುಕೊಳ್ಳಲಿ. ಕರೆ ಬಂದ ರಾತ್ರಿ ಮಗುವಿನ ಕೈ ಹಿಡಿದು, “ನಾವು ಹೇಳಿದ್ದೆವಲ್ಲ, ಆ ದಿನ ಬಂದಿದೆ” ಎಂದಷ್ಟೇ ಹೇಳುವಂತಿರಬೇಕು.