ಪ್ಯಾನೆಲ್‌ಗಿಂತ ಮೊದಲು ಅದರ ಕಾಲು ನೋಡಿ

ಹತ್ತು ವರ್ಷದ ಹಿಂದೆ ಮೈಸೂರಿನ ನಮ್ಮ ಮನೆಯ ಮಲಗುವ ಕೋಣೆಯ ಸೂರಿನಲ್ಲಿ ಒಂದು ಕಂದು ಕಲೆ ಮೂಡಿತು. ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡನ್ನು ತಾರಸಿಗೇ ಬೋಲ್ಟ್ ಹೊಡೆದು ನಿಲ್ಲಿಸಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಆ ತೂತುಗಳಿಂದ ನೀರು ಇಳಿದಿತ್ತು. ಸ್ಟ್ಯಾಂಡಿನಲ್ಲಿ ನಾನು ಉಳಿಸಿದ್ದು ಎರಡು ಸಾವಿರ ಇದ್ದೀತು. ವಾಟರ್‌ಪ್ರೂಫಿಂಗ್, ಗಾರೆ, ಬಣ್ಣಕ್ಕೆ ಕೈಬಿಟ್ಟುಹೋದದ್ದು 18,000 ರೂಪಾಯಿ.

ಹಾಗಾಗಿ ಕಳೆದ ವರ್ಷ 3 ಕಿಲೋವ್ಯಾಟ್‌ನ ಸೋಲಾರ್ ವಿದ್ಯುತ್ ಹಾಕಿಸಲು ಹೊರಟಾಗ ನಾನು ಮೊದಲು ಕೇಳಿದ್ದು ಕಾಲುಗಳ ಬಗ್ಗೆ. ಮೂರು ಕೊಟೇಶನ್ ತರಿಸಿದೆ. ಅತಿ ಕಡಿಮೆಯದು 1.75 ಲಕ್ಷ, ಅತಿ ಹೆಚ್ಚಿನದು 2.20 ಲಕ್ಷ. ಪ್ಯಾನೆಲ್, ಇನ್ವರ್ಟರ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ‘ಸ್ಟ್ರಕ್ಚರ್’ ಎಂಬ ಒಂದೇ ಸಾಲಿನಲ್ಲಿತ್ತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಿಗುವ ಸಹಾಯಧನ 78,000 ರೂಪಾಯಿ. ಕಾಲು ಕುಳ್ಳಗಿರಲಿ, ಎತ್ತರವಿರಲಿ, ಅದು ಅಷ್ಟೇ. ಎತ್ತರಕ್ಕೆ ಬೀಳುವ ಹೆಚ್ಚಿನ 45,000 ಪೂರ್ತಿ ನಮ್ಮ ಜೇಬಿನದು.

ಆದರೂ ನಾನು ಎತ್ತರದ್ದನ್ನೇ ಆರಿಸಿದೆ. ನಮ್ಮದು 30/40ರ ಸೈಟು. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಬೇಕು. ಕುಳ್ಳ ಚೌಕಟ್ಟು ಹಾಕಿದ್ದರೆ ಅಮ್ಮ ಸಂಡಿಗೆ ಇಡುವ, ಬಟ್ಟೆ ಒಣಗಿಸುವ ಜಾಗವೇ ಹೋಗುತ್ತಿತ್ತು. ಅದಕ್ಕಿಂತ ಮುಖ್ಯ, ನೀರಿನ ಟ್ಯಾಂಕಿನ ನೆರಳು. ಪ್ಯಾನೆಲ್‌ಗಳನ್ನು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 3 ಕಿಲೋವ್ಯಾಟ್‌ಗೆ ವರ್ಷಕ್ಕೆ 26,000 ರೂಪಾಯಿ. ಅದರಲ್ಲಿ ಹತ್ತನೇ ಒಂದು ಭಾಗ ನೆರಳಿಗೆ ಹೋದರೂ ಇಪ್ಪತ್ತೈದು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. (ತಿಂಗಳಿಗೆ 200 ಯೂನಿಟ್‌ನೊಳಗೆ ಬಳಸಿ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಯವರ ಲೆಕ್ಕವೇ ಬೇರೆ, ಅವರು ಅವಸರಪಡಬೇಕಿಲ್ಲ.)

ಎತ್ತರಿಸಿದ ಮೇಲೆ ಭಯ ಗಾಳಿಯದು. ಆರು ಪ್ಯಾನೆಲ್ ಸೇರಿದರೂ ಭಾರ 170 ಕಿಲೋ ಆಸುಪಾಸು. ತಾರಸಿಗೆ ಅದೊಂದು ಹೊರೆಯೇ ಅಲ್ಲ. ಕಷ್ಟ ಇರುವುದು ಏಪ್ರಿಲ್-ಮೇ ತಿಂಗಳ ಬಿರುಗಾಳಿ ಅಡಿಯಿಂದ ನುಗ್ಗಿ ಅವನ್ನು ಮೇಲಕ್ಕೆತ್ತುವಾಗ. ಆದ್ದರಿಂದ ಕಾಲುಗಳು ಮನೆಯ ಪಿಲ್ಲರ್, ಬೀಮಿನ ನೆತ್ತಿಯ ಮೇಲೇ ನಿಲ್ಲುವಂತೆ ಗುರುತು ಹಾಕಿಸಿದೆ. ನಡುತಾರಸಿಯಲ್ಲಿ ಒಂದೂ ತೂತು ಹೊಡೆಯಲು ಬಿಡಲಿಲ್ಲ. ಪ್ರತಿ ಕಾಲಿಗೂ ಕಾಂಕ್ರೀಟ್ ಪೀಠ, ಅದರ ಬುಡಕ್ಕೆ ಮತ್ತೆ ವಾಟರ್‌ಪ್ರೂಫಿಂಗ್. ಹಳೆಯ ಮದ್ರಾಸ್ ತಾರಸಿಯ ಮನೆಯವರು ಇಂಜಿನಿಯರಿಗೆ ತೋರಿಸದೆ ಡ್ರಿಲ್ ಮುಟ್ಟಿಸಲೇಬೇಡಿ.

ಇದು ಎಲ್ಲರಿಗೂ ಸಲ್ಲುವ ಮಾತಲ್ಲ. ಉಡುಪಿಯ ನನ್ನ ಅಕ್ಕನದು ಹೆಂಚಿನ ಮನೆ. ಹೆಂಚಿನ ಅಡಿಯಿಂದ ಪಕ್ಕಾಸಿಗೆ ಕೊಕ್ಕೆ ಹಾಕಬಹುದು, ಆದರೆ ಅವಳ ಮನೆಯ ಮರ ಹಳೆಯದು. ಅವಳು ಅಂಗಳದ ಗಟ್ಟಿ ಶೀಟಿನ ಚಪ್ಪರದ ಮೇಲೆ ಅಲ್ಯೂಮಿನಿಯಂ ಹಳಿ, ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿದಳು. ಉಪ್ಪುಗಾಳಿಗೆ ಸಾದಾ ಕಬ್ಬಿಣ ಉಳಿಯದು. ಕಟ್ಟಡಗಳ ಮೇಲಿನ ಹೊರೆಯ ಲೆಕ್ಕಕ್ಕೆ ಬಳಸುವ ಐಎಸ್ 875 ಸಂಹಿತೆ ಬೆಂಗಳೂರಿಗೆ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್ ಎಂದು ಹಿಡಿದರೆ ಮಂಗಳೂರಿಗೆ 39 ಹಿಡಿಯುತ್ತದೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅಲ್ಲಿ ಹೊಡೆತ ಶೇ 40ರಷ್ಟು ಹೆಚ್ಚು. ಶೀಟಿಗೆ ಅಂಟಿಸಿದಂತೆ ಕೂರಿಸುವುದೂ ತಪ್ಪು. 25 ಡಿಗ್ರಿ ದಾಟಿದ ಮೇಲೆ ಪ್ಯಾನೆಲ್ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಡಿಯಲ್ಲಿ ಗಾಳಿ ಆಡಬೇಕು.

ವಾಲು ಬದಲಿಸಬಹುದಾದ ಚೌಕಟ್ಟಿಗೆ ಹಣ ಸುರಿಯಬೇಡಿ. ನಮ್ಮ ಅಕ್ಷಾಂಶದಲ್ಲಿ ದಕ್ಷಿಣಕ್ಕೆ 10ರಿಂದ 15 ಡಿಗ್ರಿ ವಾಲಿಸಿ ಕೂರಿಸಿದರೆ ಸಾಕು, ಮಳೆಗೆ ಧೂಳೂ ತೊಳೆದುಹೋಗುತ್ತದೆ. ಆ ದುಡ್ಡನ್ನು ಏಣಿಗೂ ನಡುವಿನ ಓಡಾಟದ ಹಲಗೆಗೂ ಹಾಕಿ. ನಾನು ಅದನ್ನು ಮೊದಲು ಮಾಡಿಸದೆ, ಒರೆಸಲು ಹತ್ತುವವರಿಲ್ಲದೆ ಒಂದು ಬೇಸಿಗೆ ಪೂರ್ತಿ ಧೂಳಿನಲ್ಲಿ ಕಳೆದೆ. ಆಮೇಲೆ ಮಾಡಿಸಲು ಇನ್ನೂ 7,000 ಕೊಟ್ಟೆ.

ಮುಂಗಡ ಕೊಡುವ ಮೊದಲು ಲೋಹ ಯಾವುದು, ಸತುವಿನ ಲೇಪನ ಎಷ್ಟು ಮೈಕ್ರಾನ್, ಕಾಲುಗಳು ಎಲ್ಲಿ ನಿಲ್ಲುತ್ತವೆ, ತಾರಸಿ ಸೋರಿದರೆ ಯಾರ ಹೊಣೆ, ಇಷ್ಟನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಗೆ ನಿಮ್ಮ ತಾರಸಿ ಬಿಟ್ಟುಕೊಡಬೇಡಿ.